ಹಳೇ ಮಾನಿಟರ್, ಲಿನಕ್ಸ್ ಮತ್ತು ಒಂದು ‘ದಾರಾ ಮುಹೂರ್ತ’

ಮದುವೆ ಕಾರ್ಡಿನಲ್ಲಿ ‘ಧಾರಾ ಮುಹೂರ್ತ’ ಇರಬೇಕಾದ ಕಡೆ ‘ದಾರಾ ಮುಹೂರ್ತ’ ಅಂತ ಅಚ್ಚಾಗಿ ಬಂತು. ಒಟ್ಟು 300 ಕಾರ್ಡು. ಹುಡುಗಿಯ ಅಜ್ಜ ನಿವೃತ್ತ ಮೇಷ್ಟ್ರು. ಕಾರ್ಡನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು, “ಏನವ್ವಾ, ದಾರ ಕಟ್ಟಿ ಕಳಿಸೋ ಮದುವೇನಾ ಇದು?” ಅಂದರು. ನಗುತ್ತಲೇ ಅಂದರು. ಮರುಮುದ್ರಣದ ದುಡ್ಡು ಮಾತ್ರ ನನ್ನ ಗಲ್ಲಾಪೆಟ್ಟಿಗೆಯಿಂದ ಹೋಯಿತು.

ದಾವಣಗೆರೆ ಮಂಡಿಪೇಟೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಆ ಪ್ರೂಫನ್ನು ನಾನೇ ಎರಡು ಸಲ ಓದಿದ್ದೆ. ಓದಿದ್ದು ಪರದೆ ಮೇಲೆ, ಅಲ್ಲೇ ಎಡವಟ್ಟು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಸಣ್ಣ ಸೀಳು. ನನ್ನ ಪರದೆಯಲ್ಲಿ ಆ ಸೀಳು ಬೂದಿ ಬಣ್ಣಕ್ಕೆ ತಿರುಗಿ ಮುಚ್ಚಿಹೋಗಿತ್ತು. ಪ, ಫ, ಷ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಚಾಳೀಸು ಬಂತು ಅಂದುಕೊಂಡು ಕನ್ನಡಕದ ಅಂಗಡಿಗೂ ಹೋಗಿ ಬಂದೆ. ಕಣ್ಣು ಸರಿಯಾಗೇ ಇತ್ತು.

ಆಗಿದ್ದು ಏನಂದರೆ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಿತಲ್ಲ, ಆಮೇಲೆ ನನ್ನ 4 ಜಿಬಿ ರ‍್ಯಾಮಿನ ಹಳೇ ಡಬ್ಬಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಂಡೆ, ಹಗುರ ಅಂತ ಎಕ್ಸ್‌ಎಫ್‌ಸಿಇ ಆವೃತ್ತಿ. ಮಾನಿಟರ್ ಅದೇ 17 ಇಂಚಿನ ಚೌಕ ಎಲ್‌ಸಿಡಿ, ಬೆನ್ನ ಮೇಲಿನ ಚೀಟಿಯಲ್ಲಿ 2007 ಅಂತಿದೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀ ಅಂತ ಎಲ್ಲರೂ ಕೇಳುತ್ತಾರೆ. ಲಗ್ನಪತ್ರಿಕೆ ಉದ್ದುದ್ದಕ್ಕೆ ಇರುವ ವಸ್ತು. ಈಗಿನ ಅಗಲ ಪರದೆಯಲ್ಲಿ ಅದು ನಡುವೆ ಕಂಬದ ಹಾಗೆ ನಿಂತು ಎರಡೂ ಪಕ್ಕ ಬಯಲು ಬಿದ್ದಿರುತ್ತದೆ. ಚೌಕದಲ್ಲಿ ಇಡೀ ಪುಟ ಕಣ್ಣಳತೆಗೆ ಸಿಗುತ್ತದೆ. ಲಿನಕ್ಸ್ ಹಾಕಿದ ವಾರವೇ ಇಲಿಯೊಂದು ಮಾನಿಟರಿನ ಕೇಬಲ್ ಕಡಿದಿತ್ತು, ಪೇಟೆಯಲ್ಲಿ ಸಿಕ್ಕ ಹೊಸದೊಂದನ್ನು ತಂದು ಸಿಕ್ಕಿಸಿದ್ದೆ. ಚಿತ್ರ ಬಂತು, ಕೆಲಸ ಶುರು ಮಾಡಿದೆ. ಪರದೆಯ ಅಳತೆ ಸರಿಯಿದೆಯಾ ಅಂತ ನೋಡಲೇ ಇಲ್ಲ.

ನಿಮ್ಮದು ಸರಿಯಿದೆಯಾ ಅಂತ ಮೊದಲು ನೋಡಿಕೊಳ್ಳಿ. ಲಿಬ್ರೆಆಫೀಸ್ ಡ್ರಾ ತೆಗೆದು, ಶಿಫ್ಟ್ ಕೀಲಿ ಒತ್ತಿ ಹಿಡಿದು ಒಂದು ದೊಡ್ಡ ವೃತ್ತ ಎಳೆಯಿರಿ. ಶಿಫ್ಟ್ ಒತ್ತಿದರೆ ಅದು ಪಕ್ಕಾ ವೃತ್ತವೇ ಆಗಬೇಕು. ಈಗ ಮಕ್ಕಳ ಸ್ಕೇಲನ್ನು ಪರದೆಗೇ ಹಿಡಿದು ಅಡ್ಡ ಅಳೆಯಿರಿ, ಉದ್ದ ಅಳೆಯಿರಿ. ನನ್ನದು ಅಡ್ಡಕ್ಕೆ 10 ಸೆಂಟಿಮೀಟರ್ ಇದ್ದರೆ ಉದ್ದಕ್ಕೆ ಹತ್ತಿರಹತ್ತಿರ 10.7 ಇತ್ತು, ಅಂದರೆ ವೃತ್ತವಲ್ಲ, ನಿಂತ ಮೊಟ್ಟೆ. ಲೆಕ್ಕ ಹಾಕಿದರೆ ಸರಿಯೇ: ಪರದೆಯ ನಿಜವಾದ ಚುಕ್ಕಿಗಳು 1280 ಅಡ್ಡ, 1024 ಉದ್ದ. ಕಂಪ್ಯೂಟರ್ ಕಳಿಸುತ್ತಿದ್ದದ್ದು 1024 ಅಡ್ಡ, 768 ಉದ್ದ. ಅಡ್ಡಕ್ಕೆ ನಾಲ್ಕು ಚುಕ್ಕಿಯನ್ನು ಐದಾಗಿ, ಉದ್ದಕ್ಕೆ ಮೂರನ್ನು ನಾಲ್ಕಾಗಿ ಮಾನಿಟರ್ ಎಳೆದು ಹಾಸುತ್ತಿತ್ತು. ಫೋಟೋಗೆ ಇದರಿಂದ ಅಂಥಾ ಧಕ್ಕೆಯಿಲ್ಲ. ಒತ್ತಕ್ಷರದ ಕನ್ನಡಕ್ಕೆ ಇದು ಸಾಕು, ಮಾನ ಹೋಗಲು.

ಮಾನಿಟರಿನ ಗುಂಡಿ ಒತ್ತಿ ಅದರ ಮೆನುವಿನಲ್ಲಿ ಮಾಹಿತಿ ಪುಟ ನೋಡಿದರೆ ಈಗ ಯಾವ ಅಳತೆ ಬರುತ್ತಿದೆ ಅಂತ ಅದೇ ಹೇಳುತ್ತದೆ. ನಿಜವಾದ ಅಳತೆ ಯಾವುದು ಅನ್ನುವುದಕ್ಕೆ ಬೆನ್ನ ಮೇಲಿನ ಮಾದರಿ ಸಂಖ್ಯೆ ಇಟ್ಟುಕೊಂಡು ಅದರ ಕೈಪಿಡಿ ಹುಡುಕಿ. ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಮೂಲ ರೆಸಲ್ಯೂಶನ್ (ಅಡ್ಡ, ಉದ್ದದ ಚುಕ್ಕಿಗಳ ಲೆಕ್ಕ), ಅಡ್ಡ ಆವರ್ತನದ ಮಿತಿ (ಕಿಲೋಹರ್ಟ್ಸ್), ಲಂಬ ಆವರ್ತನದ ಮಿತಿ (ಹರ್ಟ್ಸ್). ಕಡೇ ಎರಡು ಯಾಕೆ ಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಕೇಬಲ್

ಸೆಟ್ಟಿಂಗಿಗೆ ಕೈಹಾಕುವ ಮೊದಲು ಕೇಬಲ್ ಬಿಚ್ಚಿ ನೋಡಿ. ನೀಲಿ ಮೂತಿಯ ವಿಜಿಎ ಕೇಬಲ್ಲಿನಲ್ಲಿ ಮೂರು ಸಾಲು, ಸಾಲಿಗೆ ಐದರಂತೆ 15 ಪಿನ್ನಿನ ಜಾಗ. ಅದರಲ್ಲಿ 12 ಮತ್ತು 15ನೇ ಪಿನ್ನುಗಳು ಚಿತ್ರ ಸಾಗಿಸುವುದಿಲ್ಲ. ಅವು ಇರುವುದು ಮಾತಿಗೆ: “ನಾನು ಇಂಥ ಮಾನಿಟರ್, ನನ್ನ ಅಳತೆ ಇಷ್ಟು” ಅನ್ನುವ 128 ಬೈಟ್‌ನ ಪರಿಚಯ ಪತ್ರ ಕಂಪ್ಯೂಟರಿಗೆ ಹೋಗುವುದು ಆ ದಾರಿಯಲ್ಲಿ. ಅದಕ್ಕೆ ಇಡಿಐಡಿ ಅನ್ನುತ್ತಾರೆ. ಈ ಪತ್ರ ಬರದಿದ್ದರೆ ಲಿನಕ್ಸ್ ಪಾಪ ಏನು ಮಾಡೀತು, ಎಲ್ಲ ಪರದೆಗೂ ಸರಿಹೋಗುವಂಥ 1024, 768ಕ್ಕೆ ಇಳಿದು ಕೂರುತ್ತದೆ. ಮಾನಿಟರ್ ಕೆಟ್ಟಿರುವುದಿಲ್ಲ, ಮೂಕವಾಗಿರುತ್ತದೆ ಅಷ್ಟೇ.

ಕೇಬಲ್ಲಿನ ಪಿನ್ನಿನ ಮೂತಿಯನ್ನು ನಿಮ್ಮ ಕಡೆ ತಿರುಗಿಸಿ, ಅಗಲದ ಅಂಚು ಮೇಲೆ ಬರುವಂತೆ ಹಿಡಿಯಿರಿ. ಕೆಳಗಿನ ಸಾಲು ಎಡದಿಂದ 11ರಿಂದ 15. ಎಡದಿಂದ ಎರಡನೆಯದು 12, ಬಲತುದಿಯದು 15. ಮಧ್ಯದ ಸಾಲಿನ 9ನೇ ಪಿನ್ ಎಷ್ಟೋ ಕೇಬಲ್ಲಿನಲ್ಲಿ ಇರುವುದೇ ಇಲ್ಲ, ಗಾಬರಿ ಬೇಡ. ನನ್ನ ಹೊಸ ಕೇಬಲ್ಲಿನಲ್ಲಿ 12 ಇರಬೇಕಾದ ಕಡೆ ಬರೀ ತೂತು. ಚಿತ್ರ ಬರುತ್ತಿದ್ದರಿಂದ ಮಾರಿದವರಿಗೂ ಗೊತ್ತಿಲ್ಲ, ಕೊಂಡ ನನಗೂ ಗೊತ್ತಿಲ್ಲ. ಪಿನ್ ಬಾಗಿದ್ದರೆ ಖಾಲಿ ಬಾಲ್‌ಪೆನ್ ರೀಫಿಲ್ಲಿನ ತುದಿಯನ್ನು ಅದಕ್ಕೆ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಪೂರ್ತಿ ಪಿನ್ನಿರುವ ಕೇಬಲ್ ನಿಮಗೆ ಸಿಕ್ಕಿತೋ, ಹಾಕಿ, ಎರಡೂ ಪಕ್ಕದ ಸ್ಕ್ರೂ ಬಿಗಿ ಮಾಡಿ, ಕಂಪ್ಯೂಟರ್ ಮತ್ತೆ ಶುರು ಮಾಡಿ. ಅರ್ಧಕ್ಕರ್ಧ ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ. ನನಗೆ ಆ ಸಂಜೆಯೊಳಗೆ ಎರಡು ಪತ್ರಿಕೆ ಕೊಡಬೇಕಿತ್ತು, ಪೇಟೆ ಸುತ್ತಿ ಹುಡುಕಲು ಪುರುಸೊತ್ತಿರಲಿಲ್ಲ. ಮಾನಿಟರಿನ ಪರವಾಗಿ ನಾನೇ ಪರಿಚಯ ಹೇಳಬೇಕಾಯಿತು.

ಟರ್ಮಿನಲ್ಲಿನಲ್ಲಿ ಹೇಳುವುದು

ಚಿತ್ರದುರ್ಗದಲ್ಲಿರುವ ಅಕ್ಕನ ಮಗನಿಗೆ ಇದನ್ನೇ ಫೋನಿನಲ್ಲಿ ಒಂದು ರಾತ್ರಿ ಹೇಳಿಕೊಟ್ಟೆ. ಹಾಗೇ ಇಲ್ಲೂ ಬರೆಯುತ್ತೇನೆ: ಆಜ್ಞೆಗಳು ಕನ್ನಡ ಅಕ್ಷರದಲ್ಲಿವೆ, ನೀವು ಒತ್ತುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. ದೊಡ್ಡಕ್ಷರ ಅಂತ ನಾನು ಹೇಳಿದ ಕಡೆ ಬಿಟ್ಟು ಉಳಿದದ್ದೆಲ್ಲ ಸಣ್ಣಕ್ಷರ.

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಎಕ್ಸ್‌ರಾಂಡರ್ ಅಂತ ಹೊಡೆದು ಎಂಟರ್ ಕೊಡಿ. ಬಿಡಿಸಿ ಹೇಳಿದರೆ ಎಕ್ಸ್-ಆರ್-ಎ-ಎನ್-ಡಿ-ಆರ್. ಒಂದು ಪಟ್ಟಿ ಬರುತ್ತದೆ. ‘ಕನೆಕ್ಟೆಡ್’ ಅನ್ನುವ ಪದವಿರುವ ಸಾಲು ನೋಡಿ, ಅದರ ಶುರುವಿನಲ್ಲಿ ಇರುವುದೇ ಕಿಂಡಿಯ ಹೆಸರು. ನನ್ನದು ವಿಜಿಎ-1, ಮೂರೂ ದೊಡ್ಡಕ್ಷರ, ನಡುವೆ ಗೆರೆ. ಕೆಲವು ಕಂಪ್ಯೂಟರಿನಲ್ಲಿ ಗೆರೆ ಇರುವುದಿಲ್ಲ, ಕೆಲವದರಲ್ಲಿ 1ರ ಬದಲು 0. ಪರದೆಯಲ್ಲಿ ಕಂಡದ್ದನ್ನೇ ಬರೆದುಕೊಳ್ಳಿ. ಅದೇ ಸಾಲಿನ ಕೊನೆಗೆ ಪರದೆಯ ಅಳತೆ ಮಿಲಿಮೀಟರಿನಲ್ಲಿರುತ್ತದೆ. ನನ್ನಂಥ 17 ಇಂಚಿನ ಚೌಕಕ್ಕೆ ಅದು 338 ಮತ್ತು 270ರ ಆಸುಪಾಸು ಇರಬೇಕು. ನನ್ನಲ್ಲಿ 0 ಮತ್ತು 0 ಅಂತ ತೋರಿಸುತ್ತಿತ್ತು. ಅಲ್ಲಿ ಸೊನ್ನೆ ಕಂಡರೆ ಪರಿಚಯ ಪತ್ರ ಬಂದಿಲ್ಲ ಅಂತಲೇ ಲೆಕ್ಕ. ಕೆಳಗಿನ ರೆಸಲ್ಯೂಶನ್ ಪಟ್ಟಿಯಲ್ಲಿ ನಕ್ಷತ್ರದ ಗುರುತಿರುವುದು ಈಗ ನಡೆಯುತ್ತಿರುವ ಅಳತೆ.

ಇನ್ನು ನಮ್ಮ ಪರದೆಗೆ ಬೇಕಾದ ‘ಮೋಡ್‌ಲೈನ್’, ಅಂದರೆ ಎಷ್ಟು ಚುಕ್ಕಿ, ಯಾವ ವೇಗದಲ್ಲಿ ಅಂತ ಮಾನಿಟರಿಗೆ ಹೇಳುವ ಅಂಕಿಗಳ ಸಾಲು. ಕಂಪ್ಯೂಟರನ್ನೇ ಕೇಳಬಹುದು:

ಸಿವಿಟಿ 1280 1024 60

ಆಗ ಅದು 109.00 ಅಂತ ಶುರುವಾಗಿ 1280 1368 1496 1712, ಆಮೇಲೆ 1024 1027 1034 1063 ಅಂತ ಒಂದು ಸಾಲು ಕಕ್ಕುತ್ತದೆ. ನೋಡಿದರೆ ಲಾಟರಿ ನಂಬರಿನ ಹಾಗಿದೆ, ಆದರೆ ಅರ್ಥವಿದೆ. ಹಳೇ ಟ್ಯೂಬಿನ ಮಾನಿಟರಿನಲ್ಲಿ ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಆರಿ, ವಾಪಸ್ ಎಡಕ್ಕೆ ಓಡಬೇಕಿತ್ತು. ದಾವಣಗೆರೆಯವಳಾಗಿ ಹತ್ತಿಗಿರಣಿಯ ಲಾಳಿಯ ಹೋಲಿಕೆ ಕೊಡಬೇಕು ಅನಿಸಿತು, ಆದರೆ ಲಾಳಿ ಹೋಗುವಾಗಲೂ ನೇಯುತ್ತದೆ, ಬರುವಾಗಲೂ ನೇಯುತ್ತದೆ. ಇದು ಹಾಗಲ್ಲ, ಟೈಪ್‌ರೈಟರಿನ ಗಾಡಿಯ ಹಾಗೆ, ವಾಪಸ್ ಬರುವಾಗ ಅಕ್ಷರ ಬೀಳುವುದಿಲ್ಲ. ಆ ವಾಪಸ್ ಬರುವ ಸಮಯಕ್ಕೂ ಚುಕ್ಕಿಯ ಲೆಕ್ಕದಲ್ಲಿ ಜಾಗ ಬಿಡಬೇಕು. ಕಾಣುವುದು 1280, ಬಿಟ್ಟದ್ದೂ ಸೇರಿ 1712. ಉದ್ದಕ್ಕೆ ಕಾಣುವುದು 1024, ಒಟ್ಟು 1063. ಸೆಕೆಂಡಿಗೆ 109 ಮಿಲಿಯನ್ ಚುಕ್ಕಿಯನ್ನು 1712ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 63,670 ಗೆರೆ, ಅಂದರೆ 63.67 ಕಿಲೋಹರ್ಟ್ಸ್. ಕೈಪಿಡಿಯಿಂದ ಬರೆದಿಟ್ಟುಕೊಂಡ ಅಡ್ಡ ಆವರ್ತನದ ಮಿತಿಯೊಳಗೆ ಇದು ಬರಬೇಕು. ಸಿವಿಟಿಗೆ ಕೊಟ್ಟ 60 ಲಂಬ ಆವರ್ತನ, ಅದೂ ತನ್ನ ಮಿತಿಯೊಳಗೆ ಇರಬೇಕು. ಮೀರಿದರೆ ಪರದೆ ಕಪ್ಪಾಗಿ ‘ಔಟ್ ಆಫ್ ರೇಂಜ್’ ಅನ್ನುತ್ತದೆ. ತೀರಾ ಹಳೇ ಟ್ಯೂಬಿನವು ಹಾಗೆ ಹೇಳುವ ಸೌಜನ್ಯವನ್ನೂ ತೋರದೆ ಒಳಗಿನ ಸರ್ಕೀಟು ಸುಟ್ಟುಕೊಳ್ಳಬಹುದು, ಅವುಗಳ ಜೊತೆ ಅಂದಾಜಿನ ಆಟ ಬೇಡ.

ಸಿವಿಟಿ ಕೊಟ್ಟ ಸಾಲನ್ನೇ ನಾನು ಮೊದಲು ಹಾಕಿದೆ. ಚಿತ್ರವೇನೋ ಬಂತು, ಆದರೆ ಒಂದು ಪಕ್ಕಕ್ಕೆ ಸರಿದು, ಅಂಚಿನಲ್ಲಿ ಬೆರಳಗಲ ಕಪ್ಪು ಪಟ್ಟಿ. ಹಳೇ ಎಲ್‌ಸಿಡಿಗಳು, ಪರದೆಗಳ ಅಳತೆ ಗೊತ್ತುಮಾಡುವ ವೆಸಾ ಸಂಸ್ಥೆಯ ಹಳೇ ಅಳತೆಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತವೆ, ಅದೇ ಅಳತೆ ಕೊಟ್ಟರೆ ಚಿತ್ರ ತಾನಾಗಿ ಚೌಕಟ್ಟಿನಲ್ಲಿ ಕೂರುತ್ತದೆ. 17 ಮತ್ತು 19 ಇಂಚಿನ ಚೌಕ ಪರದೆಗಳ 60 ಹರ್ಟ್ಸ್ ಅಳತೆ ಇದು, ನಾನು ಈಗಲೂ ಬಳಸುವುದು ಇದನ್ನೇ:

ಎಕ್ಸ್‌ರಾಂಡರ್ --ನ್ಯೂಮೋಡ್ ಡಿವಿಜಿ 108.00 1280 1328 1440 1688 1024 1025 1028 1066 +ಎಚ್‌ಸಿಂಕ್ +ವಿಸಿಂಕ್

ಎಲ್ಲಾ ಒಂದೇ ಸಾಲು. ನ್ಯೂಮೋಡ್ ಮುಂದೆ ಎರಡು ಅಡ್ಡಗೆರೆ, ಗೆರೆಗೂ ಪದಕ್ಕೂ ನಡುವೆ ಜಾಗವಿಲ್ಲ. ಸಿಂಕ್ ಅಂದರೆ ಎಸ್-ವೈ-ಎನ್-ಸಿ, ಅದರ ಹಿಂದೆ ಎಚ್ ಮತ್ತು ವಿ. ಡಿವಿಜಿ ಅನ್ನುವುದು ನಾನಿಟ್ಟ ಹೆಸರು, ನಮ್ಮೂರ ರೈಲ್ವೆ ಸ್ಟೇಷನ್ನಿನ ಕೋಡು. ನೀವು ಏನು ಬೇಕಾದರೂ ಇಟ್ಟುಕೊಳ್ಳಿ, ನಡುವೆ ಜಾಗ ಬಿಡಬೇಡಿ ಅಷ್ಟೇ. ಆಮೇಲೆ ಆ ಹೆಸರನ್ನು ಕಿಂಡಿಗೆ ಗಂಟು ಹಾಕುವುದು:

ಎಕ್ಸ್‌ರಾಂಡರ್ --ಆಡ್‌ಮೋಡ್ ವಿಜಿಎ-1 ಡಿವಿಜಿ

ಕೊನೆಗೆ ಜಾರಿ ಮಾಡುವುದು. ಇಲ್ಲಿ ಒಂದು ಹುಷಾರಿ. ಪರದೆ ಕಪ್ಪಾದರೆ ಏನೂ ಕಾಣದೆ ಹೇಗೆ ವಾಪಸ್ ಬರುತ್ತೀರಿ? ಅದಕ್ಕೆ ಮೂರು ಆಜ್ಞೆಗಳನ್ನು ಸೆಮಿಕೋಲನ್ ಹಾಕಿ ಒಂದೇ ಸಾಲಿನಲ್ಲಿ ಕೊಡಿ:

ಎಕ್ಸ್‌ರಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ ಡಿವಿಜಿ; ಸ್ಲೀಪ್ 15; ಎಕ್ಸ್‌ರಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ 1024x768

ಹೊಸ ಅಳತೆ ಬರುತ್ತದೆ, 15 ಸೆಕೆಂಡು ನಿಲ್ಲುತ್ತದೆ, ತಾನಾಗೇ ಹಳೇದಕ್ಕೆ ಮರಳುತ್ತದೆ. ಆ 15 ಸೆಕೆಂಡಿನಲ್ಲಿ ಚಿತ್ರ ಕಂಡಿತೋ, ಮುಂದಿನ ಸಲ ಮೊದಲ ಭಾಗವನ್ನಷ್ಟೇ ಕೊಟ್ಟು ಉಳಿಸಿಕೊಳ್ಳಿ.

ನಾನು ನ್ಯೂಮೋಡ್ ಸಾಲನ್ನು ಮರೆತು ಎರಡನೇ ಸಲ ಹೊಡೆದಾಗ, ಅಂಥ ಹೆಸರಿನ ಬಣ್ಣವಾಗಲಿ ಫಾಂಟಾಗಲಿ ಇಲ್ಲ ಅಂತ ದೂರು ಬಂತು. ಬಣ್ಣ ಯಾರು ಕೇಳಿದರು? ಅರ್ಧ ಗಂಟೆ ಫಾಂಟುಗಳನ್ನೆಲ್ಲ ಜಾಲಾಡಿದ ಮೇಲೆ ಗೊತ್ತಾಯಿತು: ಆ ಹೆಸರಿನ ಮೋಡ್ ಆಗಲೇ ಇದೆ ಅನ್ನುವುದನ್ನೇ ಅದು ಹಾಗೆ ಹೇಳುವುದು. ಬೇರೆ ಹೆಸರಿಡಿ, ಇಲ್ಲವೇ ಆ ಹೆಜ್ಜೆ ಬಿಟ್ಟು ಮುಂದೆ ಹೋಗಿ. ಅಕ್ಕನ ಮಗನದು ಇನ್ನೊಂದು ಗೋಳು. ಅವನ ಲ್ಯಾಪ್‌ಟಾಪಿಗೆ ವಿಜಿಎ ಕಿಂಡಿಯೇ ಇಲ್ಲ, ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಸಣ್ಣ ಅಡಾಪ್ಟರ್ ಹಾಕಿದ್ದ. ಕಣ್ಣಿಗೆ ಕಾಣುವುದು ವಿಜಿಎ ಕೇಬಲ್ಲು, ಹಾಗಾಗಿ ವಿಜಿಎ-1 ಅಂತಲೇ ಹೊಡೆದು, ಅಂಥ ಔಟ್‌ಪುಟ್ ಸಿಗಲಿಲ್ಲ ಅನ್ನಿಸಿಕೊಳ್ಳುತ್ತಿದ್ದ. ಕಂಪ್ಯೂಟರಿಗೆ ಅಡಾಪ್ಟರಿನ ಆಚೆ ಏನಿದೆ ಅನ್ನುವುದು ಗೊತ್ತಿಲ್ಲ, ಅದರ ಪಾಲಿಗೆ ಅದು ಎಚ್‌ಡಿಎಂಐ-1. ಅಡಾಪ್ಟರುಗಳಲ್ಲೂ ಕೆಲವು ಪರಿಚಯ ಪತ್ರವನ್ನು ಮುಂದಕ್ಕೆ ದಾಟಿಸುವುದಿಲ್ಲ, ಅವಕ್ಕೂ ಇದೇ ಮದ್ದು.

ಗುಂಡಿ ಒತ್ತುವ ಹೊತ್ತು

ಅಳತೆ ಸರಿಹೋದರೂ ವಿಜಿಎ ಅನಲಾಗ್ ಆದ್ದರಿಂದ ಅಕ್ಷರದ ಅಂಚು ಇನ್ನೂ ಅಲುಗುತ್ತಿರಬಹುದು. ಮಾನಿಟರಿನಲ್ಲಿ ‘ಆಟೋ’ ಅನ್ನುವ ಗುಂಡಿ ಇರುತ್ತದೆ. ಅದನ್ನು ಒತ್ತುವ ಮೊದಲು ಬಿಳಿ ಹಾಳೆಯ ಕಿಟಕಿಯೊಂದನ್ನು ಪರದೆ ತುಂಬಾ ಹರಡಿ. ಚಿತ್ರದ ಅಂಚು ಎಲ್ಲಿದೆ ಅಂತ ಮಾನಿಟರ್ ಬೆಳಕು ನೋಡಿ ಅಂದಾಜು ಮಾಡುತ್ತದೆ. ಕಪ್ಪು ವಾಲ್‌ಪೇಪರ್ ಇಟ್ಟು ಒತ್ತಿದರೆ ಅಂಚು ಸಿಗದೆ ಎಲ್ಲೆಲ್ಲಿಗೋ ಎಳೆದು ಕೂರಿಸುತ್ತದೆ.

ಅದಕ್ಕೂ ಬಗ್ಗದಿದ್ದರೆ ಮೆನುವಿನಲ್ಲಿ ‘ಕ್ಲಾಕ್’ ಮತ್ತು ‘ಫೇಸ್’ ಇರುತ್ತವೆ. ಕ್ಲಾಕ್ ಮೊದಲು, ಫೇಸ್ ಆಮೇಲೆ. ಪರದೆಯ ಮೇಲೆ ಸೀರೆಯ ಮಡಿಕೆಯ ಹಾಗೆ ಉದ್ದುದ್ದ ಮಸುಕು ಪಟ್ಟಿಗಳು ಕಂಡರೆ ಅದು ಕ್ಲಾಕಿನ ತಕರಾರು, ಪಟ್ಟಿ ಮಾಯವಾಗುವವರೆಗೆ ಒಂದೊಂದೇ ಅಂಕಿ ಸರಿಸಿ. ಪಟ್ಟಿ ಹೋಗಿ ಇಡೀ ಪರದೆ ಸಮನಾಗಿ ಮಂಜಾಗಿದ್ದರೆ ಫೇಸ್. ಇದಕ್ಕೆ ನಾನು ಮಾಡಿಕೊಂಡ ಪರೀಕ್ಷೆಯ ಹಾಳೆ ಒಂದಿದೆ: 11 ಅಳತೆಯ ಅಕ್ಷರದಲ್ಲಿ ‘ದಧದಧ ಪಫಷ ವಧು ಧಾರಾ ಅರ್ಧ ಸ್ತ್ರೀ ಕೃತ್ಸ್ನ’ ಅಂತ ಪುಟ ತುಂಬಾ. ಫೇಸ್ ಸರಿಸುತ್ತಾ ಹೋದರೆ ಒಂದು ಅಂಕಿಯಲ್ಲಿ ‘ಧ’ದ ಸೀಳು ಪಟ್ಟನೆ ಬಾಯಿಬಿಡುತ್ತದೆ. ನನ್ನ ಮಾನಿಟರಿಗೆ ಅದು 37. ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ.

ಹಳೇ ಪರದೆ ಹಳದಿಗೆ ತಿರುಗಿದ್ದರೆ ಮಾನಿಟರಿನ ಮೆನುವಿನಲ್ಲೇ ಬಣ್ಣದ ತಾಪಮಾನ 6500ರಿಂದ 9300ಕ್ಕೆ ಏರಿಸಿ, ನೀಲಿ ಸೇರಿ ಹಾಳೆ ಬೆಳ್ಳಗೆ ಕಾಣುತ್ತದೆ. ಎಕ್ಸ್‌ರಾಂಡರಿನಲ್ಲಿ ಬ್ರೈಟ್‌ನೆಸ್ ಅಂತ ಒಂದು ಆಯ್ಕೆ ಇದೆ, ಅದನ್ನು ನಂಬಬೇಡಿ. ಒಳಗಿನ ದೀಪ ಮುಪ್ಪಾಗಿದ್ದರೆ ಅದು ಬಣ್ಣವನ್ನು ತೊಳೆದ ಹಾಗೆ ಮಾಡುತ್ತದೆಯೇ ಹೊರತು ಬೆಳಕು ಹೆಚ್ಚಿಸುವುದಿಲ್ಲ. ಇನ್ನು ಸಂಜೆ ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಪರದೆ ತೋರಿಸುತ್ತಾ “ಇಲ್ಲಿ ಅಕ್ಕಾ, ಈ ಹೆಸರು ದೊಡ್ಡದು ಮಾಡಿ” ಅನ್ನುವ ಗಿರಾಕಿಗಳಿಗೆ ಯಾವ ಸೆಟ್ಟಿಂಗೂ ಇಲ್ಲ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆ ಇಟ್ಟುಕೊಳ್ಳಿ.

ಸರಿಯಾದ ಅಳತೆ ಬಂದ ಕೂಡಲೇ ಅಕ್ಷರ ಸಣ್ಣಗಾಯಿತು ಅಂತ ಮತ್ತೆ ರೆಸಲ್ಯೂಶನ್ ಇಳಿಸುವವರಿದ್ದಾರೆ. ದಯವಿಟ್ಟು ಬೇಡ, ಫಾಂಟ್ ದೊಡ್ಡದು ಮಾಡಿ. ಸೆಟ್ಟಿಂಗ್ಸ್, ಅಪಿಯರೆನ್ಸ್, ಫಾಂಟ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ 12 ಇಟ್ಟುಕೊಂಡಿದ್ದೇನೆ. ಅಲ್ಲೇ ಹಿಂಟಿಂಗ್ ‘ಸ್ಲೈಟ್’ ಸಾಕು, ‘ಫುಲ್’ ಇಟ್ಟರೆ ನನ್ನ ಕಣ್ಣಿಗೆ ಒತ್ತಕ್ಷರಗಳು ಜಜ್ಜಿದ ಹಾಗೆ ಕಾಣುತ್ತವೆ. ಸಬ್‌ಪಿಕ್ಸೆಲ್ ಎಲ್‌ಸಿಡಿಗೆ ಆರ್‌ಜಿಬಿ, ಟ್ಯೂಬಿನ ಮಾನಿಟರಿಗೆ ಯಾವುದೂ ಬೇಡ. ಟ್ಯೂಬಿನವರು 60 ಹರ್ಟ್ಸಿನಲ್ಲಿ ಕಣ್ಣು ಉರಿಸಿಕೊಳ್ಳದೆ, ಮಿತಿ ನೋಡಿಕೊಂಡು 75ಕ್ಕೆ ಹೋಗಿ. 1024, 768ಕ್ಕೆ ಅದರ ಅಡ್ಡ ಆವರ್ತನ ಸುಮಾರು 60 ಕಿಲೋಹರ್ಟ್ಸ್. ಟ್ಯೂಬಿನ ಮಾನಿಟರಿನ ಬೆನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಕೂತಿರುತ್ತದೆ.

ಕರೆಂಟು ಹೋಗಿ ಬಂದ ಮೇಲೆ

ಇಷ್ಟೆಲ್ಲ ಮಾಡಿ ಮನೆಗೆ ಹೋದೆ. ಬೆಳಗ್ಗೆ ಬಂದರೆ ಮತ್ತೆ ಮೊಟ್ಟೆ. ಎಕ್ಸ್‌ರಾಂಡರಿಗೆ ಹೇಳಿದ್ದು ಕಂಪ್ಯೂಟರ್ ಆರಿದರೆ ಮರೆತುಹೋಗುತ್ತದೆ. ಆ ಮೂರೂ ಸಾಲುಗಳನ್ನು, 15 ಸೆಕೆಂಡಿನ ಆಟ ಬಿಟ್ಟು, ನಿಮ್ಮ ಹೋಮ್ ಫೋಲ್ಡರಿನಲ್ಲಿ ಡಾಟ್ ಎಕ್ಸ್‌ಪ್ರೊಫೈಲ್ ಅನ್ನುವ ಫೈಲಿನಲ್ಲಿ ಬರೆದಿಡಿ. ಹೆಸರಿನ ಮೊದಲ ಅಕ್ಷರವೇ ಚುಕ್ಕಿ, ಹಾಗಾಗಿ ಫೈಲ್ ಅಡಗಿರುತ್ತದೆ, ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತದೆ. ಲಾಗಿನ್ ಆದಾಗ ಮಿಂಟ್ ಅದನ್ನು ಓದಿ ನಡೆಸುತ್ತದೆ. ಎಕ್ಸ್‌ಎಫ್‌ಸಿಇ ಕೆಲವೊಮ್ಮೆ ತನ್ನ ಹಳೇ ನೆನಪನ್ನು ಇದರ ಮೇಲೆ ಹೇರುತ್ತದೆ. ಹಾಗಾದರೆ ಒಮ್ಮೆ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಅಲ್ಲಿಯೂ ಹೊಸ ಅಳತೆಯನ್ನೇ ಆರಿಸಿ ಉಳಿಸಿ, ಈಗ ಅದು ಪಟ್ಟಿಯಲ್ಲಿ ಇರುತ್ತದೆ.

ಪರದೆಗೆ ಚಿತ್ರ ಕೊಡುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಮೇಲೆ ನಡೆಯುವ ಹೊಸ ಉಬುಂಟುವಿನಂಥ ಲಿನಕ್ಸ್‌ಗಳಿಗೆ ಎಕ್ಸ್‌ರಾಂಡರಿನ ಈ ಮಾತು ನಾಟುವುದಿಲ್ಲ. ಅಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ಲಿಗೇ ಹೇಳಬೇಕು. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗೆ ಗ್ರಬ್ ಅನ್ನುವ ಫೈಲನ್ನು ಸೂಡೋ (ಕಂಪ್ಯೂಟರಿನ ಯಜಮಾನನ) ಹಕ್ಕಿನಲ್ಲಿ ತೆಗೆದು, ಮೊದಲು ಅದರ ಒಂದು ನಕಲು ಇಟ್ಟುಕೊಂಡು, ‘ಸಿಎಂಡಿಲೈನ್ ಲಿನಕ್ಸ್ ಡಿಫಾಲ್ಟ್’ ಅಂತಿರುವ ಸಾಲಿನ ಉದ್ಧರಣ ಚಿಹ್ನೆಯೊಳಗೆ, ಇರುವುದರ ಮುಂದೆ ಒಂದು ಜಾಗ ಬಿಟ್ಟು ಸೇರಿಸಿ:

ವಿಡಿಯೋ=ವಿಜಿಎ-1:1280x1024@60

ಉಳಿಸಿ, ಸೂಡೋ ಅಪ್‌ಡೇಟ್-ಗ್ರಬ್ ಕೊಟ್ಟು ಮತ್ತೆ ಶುರು ಮಾಡಿ. ಮಾನಿಟರ್ ಸಿಕ್ಕಿಸಿದ್ದರೂ ‘ಡಿಸ್‌ಕನೆಕ್ಟೆಡ್’ ಅಂತಲೇ ಹಟ ಹಿಡಿದರೆ 60ರ ಪಕ್ಕಕ್ಕೆ ಅಂಟಿಸಿ ಸಣ್ಣಕ್ಷರದ ಇ ಒಂದನ್ನು ಹಾಕಿ, ಆಗ ಅದು ಕಿಂಡಿಯನ್ನು ಬಲವಂತವಾಗಿ ತೆರೆಯುತ್ತದೆ. ಇಲ್ಲಿ ಕಿಂಡಿಯ ಹೆಸರು ಕರ್ನಲ್ ಇಟ್ಟದ್ದೇ ಆಗಿರಬೇಕು: ಸಿಸ್ ಫೋಲ್ಡರಿನ ಕ್ಲಾಸ್, ಅದರೊಳಗೆ ಡಿಆರ್‌ಎಂ ನೋಡಿದರೆ ‘ಕಾರ್ಡ್’ ಅನ್ನುವುದರ ಬೆನ್ನಿಗೆ ಆ ಹೆಸರು ಸಿಗುತ್ತದೆ.

ಮುಂದೆಂದಾದರೂ ಪೂರ್ತಿ ಪಿನ್ನಿನ ಕೇಬಲ್ ತಂದರೆ, ಅಥವಾ ಬೇರೆ ಮಾನಿಟರ್ ಇಟ್ಟರೆ, ಸಿಕ್ಕಿಸುವ ಮೊದಲೇ ಆ ಚುಕ್ಕಿ ಫೈಲಿನ ಹೆಸರು ಬದಲಿಸಿ, ಗ್ರಬ್ ಸಾಲನ್ನೂ ತೆಗೆಯಿರಿ. ನಾನು ಮರೆತು, ಎರವಲು ತಂದ ಅಗಲ ಪರದೆಗೆ ಚೌಕದ ಅಳತೆ ಬಡಿದು, ಈ ಸಲ ಮಲಗಿದ ಮೊಟ್ಟೆ ನೋಡಿದೆ.